ಎಂಬತ್ತೊಂದು ಪುಟದ ಸೊನ್ನೆ

ಅಕ್ಟೋಬರ್ ೩, ಶುಕ್ರವಾರ

ಒಪ್ಪಿಕೊಂಡರು! ಒಪ್ಪಿಕೊಂಡರು, ಒಪ್ಪಿಕೊಂಡರು, ಒಪ್ಪಿಕೊಂಡರು!

ಐವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ದಿನಚರಿ ಬರೆಯುತ್ತಿದ್ದೇನೆ. ಯಾಕೆಂದರೆ ಈ ಸಂತೋಷವನ್ನು ಯಾರ ಮುಂದೆ ಹೇಳಿಕೊಂಡರೂ ಅವರು ಎರಡು ನಿಮಿಷಕ್ಕೆ ಗಡಿಯಾರ ನೋಡುತ್ತಾರೆ. ಮುಂದೆ ಯಾರಾದರೂ ನನ್ನ ಜೀವನಚರಿತ್ರೆ ಬರೆಯುವುದಾದರೆ ಅವರಿಗೂ ಅನುಕೂಲವಾಗಲಿ. ಈ ವಾಕ್ಯ ಬರೆದು ನಾನೇ ಕಿಸಕ್ಕನೆ ನಕ್ಕೆ. ಆದರೂ ಹೊಡೆದುಹಾಕುವುದಿಲ್ಲ.

ಬೆಳಿಗ್ಗೆ ಪಾಠ ಮುಗಿಸಿ ಕೋಣೆಗೆ ಬಂದರೆ ಪತ್ರಿಕೆಯ ಸಂಪಾದಕರ ಮೇಲ್ ಕೂತಿತ್ತು. ಪರೀಕ್ಷಕರು ಎರಡು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿ, ನಮ್ಮ ಪ್ರಬಂಧದಲ್ಲಿ ಒಂದು ತಪ್ಪೂ ಸಿಗದೆ ಅಚ್ಚಿಗೆ ಒಪ್ಪಿಕೊಂಡಿದ್ದಾರೆ. ನೂರ ಹದಿನೆಂಟು ಪುಟ! ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ. ಕಾವಲಿನವರು "ಏನಾಯ್ತು ಮೇಡಂ, ಬೆಂಕಿ ಬಿತ್ತಾ?" ಎಂದರು. "ಹೂಂ, ಬಿತ್ತು!" ಎಂದು ಕೂಗಿ ರಸ್ತೆ ದಾಟಿದೆ. ಪಾಪ, ಅವರು ಗಂಟೆ ಬಾರಿಸಲು ಓಡಿದರಂತೆ.

ರಸ್ತೆಯ ಆಚೆ ನನ್ನ ಗಂಡನ ಹಲ್ಲಿನ ಆಸ್ಪತ್ರೆ. ಡಾಕ್ಟ್ರ ಎರಡೂ ಕೈ ಯಾರದೋ ಬಾಯೊಳಗಿದ್ದವು. "ಒಪ್ಕೊಂಡ್ರು ರೀ!" ಎಂದೆ. "ಯಾರು, ಏನನ್ನ?" ಎಂದರು. ಕುರ್ಚಿಯಲ್ಲಿದ್ದವರು ಬಾಯಿ ಮುಚ್ಚಲಾಗದೆ "ಆಆ, ಆಆ" ಎಂದರು. ಅದನ್ನು ಅಭಿನಂದನೆ ಎಂದೇ ಸ್ವೀಕರಿಸಿದೆ.

ಆಮೇಲೆ ಉದ್ದಣ್ಣನಿಗೆ ಫೋನು. ಉದ್ದಣ್ಣ ನನ್ನ ಮೊದಲ ಶಿಷ್ಯ, ಈಗ ಪ್ರಬಂಧದ ಪಾಲುದಾರ. ಆಳೂ ಉದ್ದ, ಬರೆಯುವುದೂ ಉದ್ದ. ಸುದ್ದಿ ಹೇಳಿದರೆ "ಹೌದಾ ಮೇಡಂ" ಎಂದ, ಆಮೇಲೆ ದುಡುಂ ಎಂದು ಸದ್ದಾಯಿತು. ಬಟ್ಟೆ ಒಗೆಯುತ್ತಿದ್ದನಂತೆ. ಫೋನು ಬಕೆಟ್ಟಿಗೆ ಬಿತ್ತು.

ಜೀವನಚರಿತ್ರೆಯವರಿಗಾಗಿ ನಾಲ್ಕು ಮಾತು. ನಮ್ಮ ಪ್ರಬಂಧದ ವಿಷಯವಾದ ಟ್ರೇಸ್ ಸೂತ್ರವೆಂದರೆ ಒಂದೇ ಸಂಗತಿಯನ್ನು ಎರಡು ಕಡೆಯಿಂದ ಎಣಿಸುವುದು. ಸಭೆಗೆ ಎಷ್ಟು ಜನ ಬಂದಿದ್ದಾರೆಂದು ತಿಳಿಯಲು ಬಾಗಿಲಲ್ಲಿ ಕೊಡೆ ಎಣಿಸಬಹುದು, ಒಳಗೆ ತಲೆ ಎಣಿಸಬಹುದು, ಹಾಗೆ. ನಾವು ಈ ಸೂತ್ರವನ್ನು ಎರಡು ಗ್ರೂಪ್‌ಗಳಿಗೆ ಬರೆಯುತ್ತೇವೆ. ಒಂದು ಸಾದಾ ಗ್ರೂಪ್, ಕೋಣೆಗಳಿರುವ ಕೆಳಮನೆ ಎನ್ನಿ. ಇನ್ನೊಂದು ಅದರ ಮೇಲೆ ಕಟ್ಟಿದ ಮಹಡಿಯಂಥದ್ದು, ಕವರಿಂಗ್ ಗ್ರೂಪ್: ಕೆಳಗಿನ ಒಂದೊಂದು ಕೋಣೆಗೂ ಮೇಲೆ ಎರಡೆರಡು ಕೋಣೆ. ಮಹಡಿಯ ಲೆಕ್ಕವೂ ಕೆಳಮನೆಯ ಲೆಕ್ಕವೂ ಸಮ ಎಂದು ತೋರಿಸಬೇಕೆನ್ನುವುದು ಮೂವತ್ತು ವರ್ಷದ ನನ್ನ ಹುಚ್ಚು. ಲೆಕ್ಕ ಹೊಂದಿಸುತ್ತ ಹೋದರೆ ಕೊನೆಯಲ್ಲಿ ಎಡಗಡೆಯೊಂದು ಬಾಲ, ಬಲಗಡೆಯೊಂದು ಬಾಲ ಉಳಿದುಬಿಡುತ್ತವೆ. ಎಡಬಾಲ ಬಹಳ ಚಿಕ್ಕದು ಎಂದು ಉದ್ದಣ್ಣ ಎಂಬತ್ತೊಂದು ಪುಟ ಹೆಣಗಿ ಸಾಧಿಸಿದ. ಬಲಬಾಲವನ್ನು ನಾನು ಒಂದು ಪುಟ್ಟ ಲೆಮ್ಮಾದಲ್ಲಿ, ಅಂದರೆ ಉಪಪ್ರಮೇಯದಲ್ಲಿ, ಎಡಬಾಲಕ್ಕೇ ಕಟ್ಟಿಹಾಕಿದೆ. ಹಾಗಾಗಿ ನಮ್ಮ ಪ್ರಮೇಯ: ಎರಡೂ ಲೆಕ್ಕ ಹೆಚ್ಚುಕಡಿಮೆ ಸಮ. ಪೂರ್ತಿ ಸಮ ಎಂದು ಹೇಳುವ ಭಾಗ್ಯ ಬರಲಿಲ್ಲ. ಸಂಸಾರವೂ ಹೆಚ್ಚುಕಡಿಮೆ ಹೀಗೇ ಎನ್ನುತ್ತಾರೆ ಡಾಕ್ಟ್ರು.

ಅಕ್ಟೋಬರ್ ೪

ಉದ್ದಣ್ಣನ ಶಿಫಾರಸು ಪತ್ರ ಬರೆದು ಕಳಿಸಿದೆ. ಇಪ್ಪತ್ತೇಳನೇ ತಾರೀಕು ಅವನ ಸಂದರ್ಶನ. ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿ ಕಾಯಂ ಕೆಲಸ. ಪಾಪದವನು ಪಿಎಚ್‌ಡಿ ಮುಗಿದಾಗಿನಿಂದ ವರ್ಷಕ್ಕೊಂದು ತಾತ್ಕಾಲಿಕ ಕೆಲಸ ಹಿಡಿದು ಊರೂರು ಅಲೆದಿದ್ದಾನೆ. ಹೆಂಡತಿ ಆ ಊರಿನ ಆಸ್ಪತ್ರೆಯಲ್ಲಿ ನರ್ಸ್. ನಾಲ್ಕು ವರ್ಷದ ಮಗಳು ಅವಳ ಹತ್ತಿರ. ಇವನು ತಿಂಗಳಿಗೊಮ್ಮೆ ರೈಲು ಹತ್ತಿ ಅಪ್ಪನಾಗಿ ಬರುತ್ತಾನೆ. ಕೆಲಸ ಸಿಕ್ಕರೆ ಮೂವರೂ ಒಂದೇ ಸೂರಿನ ಕೆಳಗೆ. ವಯಸ್ಸಿನ ಮಿತಿ ದಾಟುತ್ತಿರುವುದರಿಂದ ಇದೇ ಕೊನೆಯ ಅವಕಾಶ.

"ಈ ಪ್ರಬಂಧದ ಹೃದಯವೆಂದರೆ ಇವರ ಎಂಬತ್ತೊಂದು ಪುಟಗಳ ಅಂದಾಜು. ಇಂಥ ತಾಳ್ಮೆಯನ್ನು ನಾನು ನನ್ನ ವೃತ್ತಿಯಲ್ಲೇ ಕಂಡಿಲ್ಲ" ಎಂದು ಬರೆದೆ. ಡಾಕ್ಟ್ರು ಭುಜದ ಮೇಲಿಂದ ಇಣುಕಿ, "ಕೆಲಸಕ್ಕೋ, ಹೆಣ್ಣು ಕೇಳೋದಕ್ಕೋ?" ಎಂದರು. ಅವರಿಗೇನು ಗೊತ್ತು. ನಮ್ಮಲ್ಲಿ ಹೊಗಳಿಕೆಯನ್ನು ಕೈತಡೆದು ಬಡಿಸಿದರೆ ಸಮಿತಿಯವರು ಅದನ್ನು ಬೈಗುಳ ಎಂದೇ ಓದುತ್ತಾರೆ.

ಅಕ್ಟೋಬರ್ ೯

ಕರಡಚ್ಚು ಬಂತು. ಎಷ್ಟು ಮುದ್ದಾಗಿದೆ! ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಓದಿದೆ. ಅರವತ್ತೆರಡನೆಯ ಪುಟದವರೆಗೆ ಸ್ವರ್ಗ. ಆಮೇಲೆ ಮೈಯೆಲ್ಲ ಉರಿಯಿತು.

ಏಳನೆಯ ಚಿತ್ರವನ್ನು ಅಚ್ಚಿನವರು ತಿರುಗುಮುರುಗಾಗಿ ಹಾಕಿದ್ದಾರೆ. ನಮ್ಮ ಬಹುಭುಜಾಕೃತಿಯ ಮೂಗು ಎಡಕ್ಕಿರಬೇಕು, ಇಲ್ಲಿ ಬಲಕ್ಕಿದೆ. ಕನ್ನಡಿಯಲ್ಲಿ ನೋಡಿದ ಹಾಗೆ! ಎಡಬಾಲದ ಮೊತ್ತದಲ್ಲಿ ಕೂಡಿಸುವ ಪ್ರತಿಯೊಂದು ಪದಕ್ಕೂ ಒಂದು ತೂಕವಿದೆ, ಆ ತೂಕವೇ ಈ ಆಕೃತಿಯ ವಿಸ್ತೀರ್ಣ. ಇದನ್ನು ಬಿಡಿಸಲು ಉದ್ದಣ್ಣ ಒಂದು ವಾರ ಅಳತೆಪಟ್ಟಿ ಹಿಡಿದು ಕೂತಿದ್ದ. ಅಚ್ಚಿನವರಿಗೆ ಖಾರವಾಗಿ ಬರೆದೆ. "ಇದು ಅಲಂಕಾರದ ಚಿತ್ರವಲ್ಲ, ಗಣಿತ" ಎಂಬ ವಾಕ್ಯವೂ ಅದರಲ್ಲಿದೆ. ಬರೆದಾದ ಮೇಲೆ ಹಿತವೆನಿಸಿತು.

ಅಕ್ಟೋಬರ್ ೧೦

ಅಚ್ಚಿನವರು ಬಹಳ ಮರ್ಯಾದೆಯಿಂದ ಉತ್ತರಿಸಿದ್ದಾರೆ. ಕ್ಷಮಿಸಿ, ಸರಿಪಡಿಸಬಹುದು, ಆದರೆ ಸಂಚಿಕೆ ಒಂದು ತಿಂಗಳು ಮುಂದೆ ಹೋಗುತ್ತದೆ. ಚಿತ್ರ ಹೀಗೇ ಇದ್ದರೆ ಅರ್ಥದಲ್ಲಿ ವ್ಯತ್ಯಾಸವಾಗುತ್ತದೆಯೇ, ದಯವಿಟ್ಟು ತಿಳಿಸಿ. ಎಲ್ಲ ಲೇಖಕರಿಗೂ ಕಳಿಸುವ ಮಾಮೂಲಿ ಒಕ್ಕಣೆ.

ವ್ಯತ್ಯಾಸವಾಗುತ್ತದೆಯೇ ಅಂತೆ! "ಖಂಡಿತ ಆಗುತ್ತದೆ, ಏಕೆಂದರೆ" ಎಂದು ಶುರುಮಾಡಿದೆ.

ಏಕೆಂದರೆ.

ಕನ್ನಡಿಯಲ್ಲಿ ನೋಡಿದರೆ ವಿಸ್ತೀರ್ಣ ಬದಲಾಗುವುದಿಲ್ಲ.

ಬದಲಾಗುವುದಿಲ್ಲ!

ಅಯ್ಯಯ್ಯೋ. ಎಡಬಾಲ ಸೊನ್ನೆ.

ಅಕ್ಟೋಬರ್ ೧೧, ಶನಿವಾರ

ಮೂರು ಸಲ ಪರೀಕ್ಷಿಸಿದೆ. ಸೊನ್ನೆ, ಸೊನ್ನೆ, ಸೊನ್ನೆ. ಚಿಕ್ಕದಲ್ಲ, ಬಹಳ ಚಿಕ್ಕದಲ್ಲ, ಇಲ್ಲವೇ ಇಲ್ಲ! ಬೆಳಿಗ್ಗೆ ಹಲ್ಲುಜ್ಜುತ್ತ ನಗು ಶುರುವಾಯಿತು. ತಡೆಯಲಾಗಲಿಲ್ಲ. ನೊರೆ ಮೂಗಿಗೆ ಹತ್ತಿತು. ಡಾಕ್ಟ್ರು ಓಡಿಬಂದು ವೃತ್ತಿಧರ್ಮದ ಪ್ರಕಾರ ಮೊದಲು ವಸಡು ನೋಡಿದರು.

"ಏನಾಗಿದೆ ನಿನಗೆ?"

"ಕೂತ್ಕೊಳ್ಳಿ, ಹೇಳ್ತೀನಿ. ಕೆಳಮನೇಲಿ ಇಬ್ಬರಿದ್ದಾರೆ ಅಂತ ಇಟ್ಕೊಳ್ಳಿ. ಮೊದಲು ಇವನು ಒಂದು ಹೆಜ್ಜೆ, ಆಮೇಲೆ ಅವನು ಒಂದು ಹೆಜ್ಜೆ. ಇಲ್ಲಾ ಮೊದಲು ಅವನು, ಆಮೇಲೆ ಇವನು. ಹೇಗೆ ಹೋದ್ರೂ ಒಂದೇ ಕೋಣೆ ಸೇರ್ತಾರೆ."

"ಆಯ್ತು."

"ಮಹಡಿ ಮೇಲೆ ಹೀಗೆ ಸರದಿ ಅದಲುಬದಲು ಮಾಡಿದ್ರೆ ಪಕ್ಕದ ಕೋಣೆಗೆ ಬಂದುಬಿಡ್ತಾರೆ. ಪಕ್ಕದ ಕೋಣೆ ಅಂದ್ರೆ ಲೆಕ್ಕಕ್ಕೆ ಮೈನಸ್ ಚಿಹ್ನೆ."

"ಯಾಕೆ?"

"ಮಹಡಿ ಕಟ್ಟಿರೋದೇ ಹಾಗೆ ರೀ! ಈಗ ಹೇಳಿ, ಒಂದೇ ಮೊತ್ತ ಹೀಗೆ ಎಣಿಸಿದ್ರೆ ಪ್ಲಸ್, ಹಾಗೆ ಎಣಿಸಿದ್ರೆ ಅದೇ ಮೈನಸ್. ತನಗೆ ತಾನೇ ಮೈನಸ್ ಆಗಿರೋ ಸಂಖ್ಯೆ ಯಾವುದು?"

ಸ್ವಲ್ಪ ಯೋಚಿಸಿ, "ಸೊನ್ನೆ" ಎಂದರು.

"ಸೊನ್ನೆ!" ಎಂದು ಅವರ ಕೆನ್ನೆ ಹಿಂಡಿದೆ.

"ಇಷ್ಟು ದಿನ ಇದು ನಿನಗೆ ಗೊತ್ತಿರಲಿಲ್ವಾ?"

ಗೊತ್ತಿತ್ತು. ತೂಕವಿಲ್ಲದ ಪದಗಳು ಹೀಗೆ ಮಾಯವಾಗುತ್ತವೆ ಎಂದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಆದರೆ ಬಾಲದ ಪದಗಳಿಗೆ ತೂಕವಿದೆಯಲ್ಲ. ಇವನು ಅವನು ಅದಲುಬದಲಾದಾಗ ಆಕೃತಿಯೂ ಬದಲಾಗುತ್ತದೆ, ಹಾಗಾಗಿ ಇಲ್ಲಿ ಈ ಉಪಾಯ ನಡೆಯದು ಎಂದು ಕಣ್ಣುಮುಚ್ಚಿಕೊಂಡು ನಂಬಿದ್ದೆವು. ಆಕೃತಿ ಬದಲಾಗುವುದು ನಿಜ. ತನ್ನ ಕನ್ನಡಿ ಬಿಂಬವಾಗಿ ಬದಲಾಗುತ್ತದೆ. ವಿಸ್ತೀರ್ಣ ಇದ್ದಷ್ಟೇ ಇರುತ್ತದೆ! ಅರ್ಧ ಪುಟದ ರುಜುವಾತು. ಮನೆಯಲ್ಲಿ ಇಲ್ಲದ ಇಲಿಗೆ ನಾವು ಎಂಬತ್ತೊಂದು ಬೋನು ಇಟ್ಟಿದ್ದೆವು. ಬೋನುಗಳೆಲ್ಲ ಬಲು ಗಟ್ಟಿ, ಒಂದರಲ್ಲೂ ದೋಷವಿಲ್ಲ.

ಮತ್ತೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಡಾಕ್ಟ್ರೂ ಏನೆಂದು ತಿಳಿಯದೆ ನಕ್ಕರು. ನಕ್ಕು ಸುಸ್ತಾದ ಮೇಲೆ ಅವರು ಕೇಳಿದರು: "ಆ ಎಂಬತ್ತೊಂದು ಪುಟ ಉದ್ದಣ್ಣಂದಲ್ವಾ?"



ಅಕ್ಟೋಬರ್ ೧೩

ಇವತ್ತು ಹೇಳಿಬಿಡಬೇಕೆಂದು ಹೋದೆ. ವಿಭಾಗದ ಕ್ಯಾಂಟೀನಿನಲ್ಲಿ ಸಿಕ್ಕ. ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಬಂದ. ಎರಡು ಟೈ ತಂದಿದ್ದ.

"ಮೇಡಂ, ಇಂಟರ್‌ವ್ಯೂಗೆ ಯಾವುದು? ಹೆಂಡ್ತಿ ನೀಲಿ ಅಂತಾಳೆ, ಮಗಳು ಕೆಂಪು ಅಂತಾಳೆ."

"ಉದ್ದಣ್ಣ, ಒಂದು ಮಾತು..."

"ಹೇಳಿ ಮೇಡಂ."

"ನೀಲಿ."

ಥೂ, ನನ್ನ ನಾಲಿಗೆಗಿಷ್ಟು. ಮೂವತ್ತು ವರ್ಷದಿಂದ ತುಂಬಿದ ಸಭೆಯಲ್ಲಿ ನಿಂತು ಜನರ ರುಜುವಾತುಗಳನ್ನು ನಿರ್ದಾಕ್ಷಿಣ್ಯವಾಗಿ ಒಡೆದುಹಾಕಿದವಳು ನಾನು. ಒಂದು ಟೈ ಮುಂದೆ ಬಾಯಿಗೆ ಬೀಗ ಬಿತ್ತು.

ಅಕ್ಟೋಬರ್ ೧೫

ಜೀವಮಾನದಲ್ಲಿ ಮೊದಲ ಸಲ ನನ್ನ ರುಜುವಾತು ತಪ್ಪಾಗಿರಲಪ್ಪಾ ಎಂದು ಬೇಡಿಕೊಂಡೆ. ಅರ್ಧ ಪುಟವನ್ನು ಬೆಳಕಿಗೆ ಹಿಡಿದು, ಉಲ್ಟಾ ಹಿಡಿದು, ಸಾಲು ಸಾಲು ಜಾಲಾಡಿದೆ. ಎಲ್ಲೂ ಬಿರುಕಿಲ್ಲ. ಸುಡುಗಾಡು, ಎಷ್ಟು ಚೆನ್ನಾಗಿ ಬರೆದಿದ್ದೇನೆ!

ಇನ್ನು ಅವನ ಪುಟಗಳನ್ನು ಬೇರೆಲ್ಲಾದರೂ ಬಳಸಲು ಆದೀತೇ ಎಂದು ಎರಡು ದಿನ ಹುಡುಕಿದೆ. ಇನ್ನೂ ಎತ್ತರದ ಮಹಡಿಗೆ? ಅಲ್ಲೂ ಬಾಲ ಸೊನ್ನೆ. ಮಹಡಿಯೇ ಇಲ್ಲದ ಮನೆಗೆ? ಅಲ್ಲಿಗೆ ಇದಕ್ಕಿಂತ ಸುಲಭದ ದಾರಿ ಮೊದಲೇ ಇದೆ. ಬೇರೆ ಆಕಾರದ ಮನೆಗೆ? ನೋಡಬೇಕು. ಕೋಣೆಯ ತುಂಬ ಹಾಳೆ ಹರಡಿದ್ದೇನೆ, ನೆಲ ಕಾಣುವುದಿಲ್ಲ. ಎರಡು ಪಾಠ ತಪ್ಪಿಸಿದೆ. ವಿದ್ಯಾರ್ಥಿಗಳು ಹಬ್ಬ ಮಾಡಿರಬೇಕು.

ಸುಮ್ಮನೆ ಇದ್ದುಬಿಡಬಹುದು. ಪ್ರಬಂಧದಲ್ಲಿ ತಪ್ಪಿಲ್ಲ. ಸೊನ್ನೆ ಬಹಳ ಚಿಕ್ಕದು ಎನ್ನುವುದು ಅಪ್ಪಟ ಸತ್ಯ. ಅಚ್ಚಾಗಲಿ, ಅವನಿಗೆ ಕೆಲಸ ಸಿಗಲಿ, ಆಮೇಲೆ ನೋಡಿಕೊಳ್ಳೋಣ. ಇದನ್ನು ಡಾಕ್ಟ್ರ ಮುಂದೆ ಇಟ್ಟೆ.

"ಸುಳ್ಳಾಗುತ್ತಾ?" ಎಂದರು.

"ಸುಳ್ಳಲ್ಲ."

"ಮತ್ತೆ ಯಾಕೆ ಹೀಗೆ ಮುಖ?"

"ಆ ಪುಟಗಳೇ ಹೃದಯ ಅಂತ ಸಮಿತಿಗೆ ಬರೆದಿದ್ದೀನಿ ರೀ. ಬರೆದಾಗ ನಿಜ. ಈಗ ಅದು ಸುಳ್ಳು. ಮುಂದೊಂದು ದಿನ ಯಾರಾದ್ರೂ ಇದನ್ನ ಕಂಡುಹಿಡೀತಾರೆ. ಅವತ್ತು ಇವನ ಹೆಸರು ಹೇಳಿ ಜನ ನಗ್ತಾರೆ. ಇವನ ಪಾಡೇನು? ನನಗೆ ಗೊತ್ತಿತ್ತು ಅಂತ ಇವನಿಗೇ ಗೊತ್ತಾದ್ರೆ?"

"ಅಂದ್ರೆ ಹೇಳಬೇಕು."

"ಹೇಳಬೇಕು."

"ನನ್ನ ಹತ್ರ ಬರೋರೂ ಹೀಗೇ," ಎಂದರು. "ಬಾಗಿಲ ತನಕ ಬಂದು, ನೋವು ನಿಂತೋಯ್ತು ಡಾಕ್ಟ್ರೇ ಅಂತ ವಾಪಸ್ ಹೋಗ್ತಾರೆ."

ಅವರ ಮೇಲೆ ರೇಗಿದೆ. ಸರಿಯಾಗಿ ಹೇಳಿದವರ ಮೇಲೆ ಬರುವ ಸಿಟ್ಟೇ ಬೇರೆ.

ಅಕ್ಟೋಬರ್ ೧೭

ಉದ್ದಣ್ಣನ ಹೆಂಡತಿ ಫೋನು ಮಾಡಿದ್ದಳು. "ಮೇಡಂ, ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ. ಪೇಪರ್ ಆಯ್ತಲ್ಲ, ಇನ್ನು ಕೆಲಸ ಆದ ಹಾಗೇ ಅಂತ ಇವರು ಹೇಳಿದ್ರು. ಮಗಳು ಸ್ಕೂಲಲ್ಲಿ ಎಲ್ಲರಿಗೂ ನಮ್ಮಪ್ಪ ಇನ್ನು ದಿನಾ ಬರ್ತಾರೆ ಅಂತ ಡಂಗುರ ಹೊಡೆದುಬಿಟ್ಟಿದ್ದಾಳೆ."

"ಒಳ್ಳೇದಾಗ್ಲಿ ಕಣಮ್ಮ," ಎಂದೆ. ಇನ್ನೇನು ಹೇಳಲಿ? ಫೋನಿಟ್ಟು ಅಡುಗೆಮನೆಗೆ ಹೋಗಿ ಅಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದೆ. ತೊಳೆದಿದ್ದವನ್ನೂ ಮತ್ತೆ ತೊಳೆದೆ.

ಅಕ್ಟೋಬರ್ ೧೯, ಭಾನುವಾರ

ಹೇಳಿದೆ.

ಅವನ ಒಂಟಿ ಕೋಣೆಗೇ ಹೋದೆ. ಅಂಗಿ ಇಸ್ತ್ರಿ ಮಾಡುತ್ತಿದ್ದ. ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆ ಎತ್ತಿ, "ಕೂತ್ಕೊಳ್ಳಿ ಮೇಡಂ, ಕಾಫಿ ಮಾಡ್ತೀನಿ" ಎಂದ. ಕಾಫಿ ಬೇಡ ಎಂದು ಅರ್ಧ ಪುಟ ಕೈಗಿಟ್ಟೆ. ಇಸ್ತ್ರಿಪೆಟ್ಟಿಗೆ ಆರಿಸಿ ಹಾಸಿಗೆಯ ಅಂಚಿನಲ್ಲಿ ಕೂತ. ಉದ್ದನೆಯ ಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ಮಡಚಿಕೊಂಡ. ಓದಿದ. ಪೆನ್ನು ತೆಗೆದು ಎರಡನೆಯ ಸಾಲನ್ನು ತಾನೇ ಬರೆದು ನೋಡಿದ. ಮತ್ತೆ ಓದಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಏನೂ ತಿಳಿಯಲಿಲ್ಲ.

"ಸರಿಯಾಗಿದೆ ಮೇಡಂ," ಎಂದ ಕೊನೆಗೆ.

"ಅಚ್ಚಾಗಲಿ ಅಂದ್ರೆ ಅಚ್ಚಾಗುತ್ತೆ. ತಪ್ಪೇನಿಲ್ಲ ಅದರಲ್ಲಿ. ನಿನ್ನಿಷ್ಟ ಕಣೋ. ನೀನು ಬೇಡ ಅಂದ್ರೆ ನಾನು ಇದನ್ನ ಹರಿದುಹಾಕ್ತೀನಿ." ಇದು ನಿಜವಾಗಿಯೂ ನನ್ನ ಬಾಯಿಂದ ಬಂತು.

"ಇದನ್ನ ಹರಿಯೋಕಾಗುತ್ತಾ ಮೇಡಂ?" ಎಂದು ಆ ಕಾಗದವನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡ. "ನಾಲ್ಕು ವರ್ಷ. ಇದಕ್ಕೋಸ್ಕರ ಮಗಳ ಎರಡು ಹುಟ್ಟುಹಬ್ಬ ತಪ್ಪಿಸಿದ್ದೆ."

ಅಷ್ಟೇ ಹೇಳಿದ್ದು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮನೆಗೆ ಬಂದು ಊಟ ಮಾಡಲಿಲ್ಲ. ಅಳು ಬರುತ್ತಿದೆ, ಬರೆಯಲಾರೆ.

ಅಕ್ಟೋಬರ್ ೨೦, ಸೋಮವಾರ

ಅಬ್ಬಬ್ಬಬ್ಬಾ! ಎಲ್ಲಿಂದ ಬರೆಯಲಿ!

ಬೆಳಿಗ್ಗೆ ಡಾಕ್ಟ್ರು ಅರ್ಧ ಕೆನ್ನೆ ಬೋಳಿಸಿದ್ದರು. ಬಾಗಿಲು ದಬದಬ ಬಡಿದ ಸದ್ದು. ತೆಗೆದರೆ ಉದ್ದಣ್ಣ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ. ಬಗ್ಗುವುದನ್ನೂ ಮರೆತು ಒಳನುಗ್ಗಿ ಚೌಕಟ್ಟಿಗೆ ಫಟ್ ಎಂದು ಹಣೆ ಚಚ್ಚಿಕೊಂಡ. ನೋವೂ ಆದಂತಿರಲಿಲ್ಲ.

"ಮೇಡಂ, ನೂರ ಮೂರು! ನಿಮ್ಮ ನೂರ ಮೂರನೇ ಪುಟ!"

"ಅಲ್ಲೂ ತಪ್ಪಿದೆಯೇನೋ?"

"ನಿಮ್ಮ ಲೆಮ್ಮಾ ಮೇಡಂ! ಬಲಬಾಲ ಎಡಬಾಲದ ಏಳು ಪಟ್ಟು ಮೀರಲ್ಲ ಅಂತ ಸಾಧಿಸಿದ್ದೀರಲ್ಲ! ಎಡಬಾಲ ಸೊನ್ನೆ ಅಂದ್ರೆ?"

ನಾನು ಕರಡಚ್ಚು ತರಲು ತಿರುಗಿದೆ.

"ಸೊನ್ನೆಯ ಏಳು ಪಟ್ಟು ಎಷ್ಟು ಮೇಡಂ?" ಎಂದು ಕೂಗಿದ.

"ಸೊನ್ನೆ," ಎಂದರು ಡಾಕ್ಟ್ರು ನೊರೆಮುಖದಲ್ಲಿ. ಈಚೆಗೆ ಅವರು ಈ ಉತ್ತರದಲ್ಲಿ ಪಳಗಿದ್ದಾರೆ.

"ಎರಡೂ ಬಾ‌ಲ ಇಲ್ಲ! ಹೆಚ್ಚುಕಡಿಮೆ ಅಲ್ಲ ಮೇಡಂ. ಸಮ! ಪೂರ್ತಿ ಸಮ! ನಿಮ್ಮ ಮೂವತ್ತು ವರ್ಷದ ಸಮ!"

ಮೂವತ್ತು ವರ್ಷ ಹಗಲೂ ಕನಸಿನಲ್ಲೂ ಬೇಕೆಂದಿದ್ದು ನನ್ನದೇ ಮನೆಯ ಹೊಸ್ತಿಲ ಮೇಲೆ, ಹಣೆಯಲ್ಲಿ ಬುಗುಟೆ ಎಬ್ಬಿಸಿಕೊಂಡು ನಿಂತಿತ್ತು. ನನ್ನ ಬಾಯಿಂದ ಮೊದಲು ಬಂದ ಮಾತು, "ಮತ್ತೆ ನಿನ್ನ ಕೆಲಸ?"

"ಕೆಲಸ ಹಾಳುಬಿದ್ದುಹೋಗ್ಲಿ ಮೇಡಂ, ಸಮ ಆಗಿದೆ!"

ಆಗ ನಾನೂ ಕುಣಿದೆ. ಸತ್ಯವಾಗಿ, ಕೈ ಕೈ ಹಿಡಿದು ಗಿರಗಿರನೆ ಕುಣಿದೆವು. ಅವನ ಚಪ್ಪಲಿ ಹಾರಿ ದೀಪದ ಗಾಜಿಗೆ ಬಡಿಯಿತು. ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ಕುಟ್ಟಿದರು. "ಸಮ!" ಎಂದು ಇಬ್ಬರೂ ನೆಲಕ್ಕೆ ಬಾಯಿಟ್ಟು ಕೂಗಿದೆವು. ಡಾಕ್ಟ್ರು ಇನ್ನೊಂದು ಕೆನ್ನೆ ಬೋಳಿಸದೆ ಆಸ್ಪತ್ರೆಗೆ ಹೋದರು.

ಅಕ್ಟೋಬರ್ ೨೧

ಸಂಪಾದಕರಿಗೆ ಬರೆದು ಪ್ರಬಂಧ ವಾಪಸು ಪಡೆದೆವು. ಹೊಸದು ಒಂಬತ್ತು ಪುಟ. ಅಚ್ಚಿನವರಿಗೆ ಪ್ರತ್ಯೇಕವಾಗಿ ಕ್ಷಮೆ ಕೇಳಿದೆ, ಚಿತ್ರ ಹೇಗಿದ್ದರೂ ಅರ್ಥ ಬದಲಾಗುವುದಿಲ್ಲ, ಮಹದುಪಕಾರವಾಯಿತು ಎಂದು. ಅವರಿಗೆ ನನ್ನ ತಲೆ ಕೆಟ್ಟಿದೆ ಅನಿಸಿರುತ್ತದೆ.

ಸಮಿತಿಗೆ ಎರಡನೆಯ ಪತ್ರ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮೊದಲ ಪತ್ರ ರದ್ದು. ಆ ಎಂಬತ್ತೊಂದು ಪುಟ ಸರಿಯಾಗಿವೆ, ಆದರೆ ಬೇಕಿಲ್ಲ. ಹತ್ತನೆಯ ತಾರೀಕು ಸೊನ್ನೆ ಕಂಡದ್ದು ನನಗೆ. ಇಪ್ಪತ್ತನೆಯ ತಾರೀಕು ಸಮ ಕಂಡದ್ದು ಅವನಿಗೆ. ಪ್ರಮೇಯವೆಂದರೆ ಆ ಸಮವೇ. ಹೊಗಳಿಕೆಯ ಮಾತು ಒಂದೂ ಹಾಕಲಿಲ್ಲ, ಹಾಕುವ ಮನಸ್ಸೂ ಆಗಲಿಲ್ಲ.

ಒಂದೇ ಭಯ. ಅಚ್ಚಿಗೆ ಒಪ್ಪಿದ ನೂರ ಹದಿನೆಂಟು ಪುಟ ಅವನ ಕೈಯಲ್ಲಿತ್ತು. ಈಗ ಯಾರೂ ಪರೀಕ್ಷಿಸದ ಒಂಬತ್ತು ಪುಟ ಹಿಡಿದು ಹೋಗುತ್ತಿದ್ದಾನೆ. ಸಮಿತಿಗಳಿಗೆ ಒಪ್ಪಿದ್ದು ಬೇಕು.

ಅಕ್ಟೋಬರ್ ೨೭

ಸಂಜೆ ಉದ್ದಣ್ಣನ ಫೋನು. ಧ್ವನಿ ಸಪ್ಪೆ.

"ಏನು ಕೇಳಿದ್ರೋ?"

"ಏನೂ ಕೇಳಲಿಲ್ಲ ಮೇಡಂ. ನಾಲ್ಕು ವರ್ಷ ಸೊನ್ನೆಗೆ ಅಂದಾಜು ಬರೆದೆ ಅಂತ ಶುರುಮಾಡಿದೆ. ಯಾರೋ ನಕ್ಕರು. ಆಮೇಲೆ ಬೋರ್ಡ್ ಮೇಲೆ ಒಂಬತ್ತು ಪುಟನೂ ಬರೆದೆ. ಎಲ್ಲರೂ ಸುಮ್ಮನೆ ಕೂತಿದ್ರು. ಅಧ್ಯಕ್ಷೆ ಮಾತ್ರ ನಿಮ್ಮ ಎರಡೂ ಪತ್ರ ಪಕ್ಕಪಕ್ಕ ಇಟ್ಕೊಂಡು ನೋಡ್ತಾನೇ ಇದ್ರು. ಕೊನೇಲಿ, ಸರಿ ಹೋಗಿಬನ್ನಿ ಅಂದ್ರು. ಟೈ ತುಂಬ ಸೀಮೆಸುಣ್ಣ."

"ನೀಲಿನಾ?"

"ಕೆಂಪು. ಮಗಳು ಬಿಡಲಿಲ್ಲ."



ಅಕ್ಟೋಬರ್ ೨೯, ಬುಧವಾರ

ಮಧ್ಯಾಹ್ನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಫೋನು ಬಂತು. ಸಮಿತಿಯ ಅಧ್ಯಕ್ಷೆ! ಆಕೆಯನ್ನು ಒಮ್ಮೆಯೂ ನೋಡಿಲ್ಲ, ಹೆಸರು ಕೇಳಿದರೇ ಜನ ನೆಟ್ಟಗೆ ಕೂರುತ್ತಾರೆ. ನಾನೂ ಕೂತೆ.

"ನಿಮ್ಮ ಎರಡನೇ ಪತ್ರದಲ್ಲಿ ಒಂದು ಮಾತು ನನಗೆ ನಂಬೋಕಾಗ್ತಿಲ್ಲ," ಎಂದರು, ಪೀಠಿಕೆಯಿಲ್ಲದೆ.

"ಯಾವುದು ಮೇಡಂ?"

"ಸೊನ್ನೆ ನಿಮಗೆ ಹತ್ತನೇ ತಾರೀಕೇ ಸಿಕ್ಕಿದೆ. ಬಲಗಡೆ ಲೆಮ್ಮಾ ನಿಮ್ಮದೇ. ಎರಡನ್ನೂ ಪಕ್ಕಪಕ್ಕ ಇಟ್ರೆ ಸಮ ಅನ್ನೋದು ಮೊದಲ ವರ್ಷದ ವಿದ್ಯಾರ್ಥಿಗೂ ಕಾಣುತ್ತೆ. ಮೂವತ್ತು ವರ್ಷದಿಂದ ಅದರ ಹಿಂದೆ ಬಿದ್ದೋರು ನೀವು. ನಿಮಗೆ ಕಾಣಲಿಲ್ಲ, ಅವರಿಗೆ ಕಾಣಿಸ್ತು ಅಂತ ನಾನು ನಂಬಬೇಕಾ? ಹುಡುಗನಿಗೆ ಕೆಲಸ ಸಿಗಲಿ ಅಂತ ಧಾರೆ ಎರೆದುಕೊಟ್ಟುಬಿಟ್ರಾ?"

ನನ್ನ ಪಿತ್ತ ನೆತ್ತಿಗೇರಿತು. "ಪ್ರಮೇಯ ದಾನ ಮಾಡೋವಷ್ಟು ಒಳ್ಳೆಯವಳಲ್ಲ ನಾನು! ಬೇಕಿದ್ರೆ ಯಾರನ್ನಾದ್ರೂ ಕೇಳಿ! ಒಂದು ಅಡಿಟಿಪ್ಪಣಿಗೋಸ್ಕರ ಗೆಳತಿ ಜೊತೆ ಆರು ವರ್ಷ ಮಾತು ಬಿಟ್ಟಿದ್ದೆ!"

"ಕೇಳಿದ್ದೀನಿ," ಎಂದರು. "ಅದಕ್ಕೇ ಇನ್ನೂ ಅರ್ಥವಾಗ್ತಿಲ್ಲ. ಅಷ್ಟು ದಿನ ಅದನ್ನ ಕೈಯಲ್ಲಿಟ್ಕೊಂಡು ನೀವು ಏನು ನೋಡ್ತಾ ಇದ್ರಿ?"

ನಿಜವಾಗಿಯೂ ನಾನು ಏನು ನೋಡುತ್ತಿದ್ದೆ?

"ಅವನ ಮುಖ," ಎಂದುಬಿಟ್ಟೆ. "ಹೇಗೆ ಹೇಳೋದು, ಹೇಳಿದ್ರೆ ಅವನ ಮುಖ ಹೇಗಾಗುತ್ತೆ, ಆ ಮಗು ಏನು ಮಾಡುತ್ತೆ ಅಂತ. ಗಣಿತದ ಕಡೆ ತಲೆನೇ ಹೋಗಲಿಲ್ಲ. ನನಗೇ ನಾಚಿಕೆಯಾಗುತ್ತೆ ಹೇಳೋದಕ್ಕೆ."

ಆ ಕಡೆ ಕಾಗದ ಮಗುಚುವ ಸದ್ದು. ಕೆಲಸ ಕೆಡಿಸಿದೆನಲ್ಲ ಎಂದು ಹಲ್ಲು ಕಚ್ಚಿಕೊಂಡೆ.

"ಹಾಗಾದ್ರೆ ಪತ್ರ ನಿಜ," ಎಂದರು ಆಕೆ. ಧ್ವನಿ ಬೇರೆಯಾಗಿತ್ತು. "ಸಮ ಅವರದೇ. ನನಗೆ ಬೇಕಿದ್ದಿದ್ದು ಇಷ್ಟೇ. ನೇಮಕದ ಆದೇಶಕ್ಕೆ ಈಗಲೇ ಸಹಿ ಹಾಕ್ತೀನಿ. ನಾವು ನಾಳೆ ತಿಳಿಸ್ತೀವಿ. ನೀವು ಇವತ್ತೇ ಹೇಳ್ಬಿಡಿ. ಯಾವಾಗಲೂ ಕೆಟ್ಟ ಸುದ್ದೀನೇ ಹೊತ್ಕೊಂಡು ಹೋದ್ರೆ ಹೇಗೆ?"

ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಉದ್ದಣ್ಣನ ನಂಬರ್ ಆತುರದಲ್ಲಿ ತಪ್ಪಾಗಿ ಒತ್ತಿ ಎರಡು ಸಲ ಯಾರಿಗೋ ಹೋಯಿತು. ಮೂರನೆಯ ಸಲ ಅವನೇ ಎತ್ತಿದ. ನನಗೆ ಅಳು ಒತ್ತರಿಸಿ ಬಂದು ಮಾತೇ ಹೊರಡಲಿಲ್ಲ. ಬರೀ ಬಿಕ್ಕಳಿಕೆ.

"ಮೇಡಂ? ಮೇಡಂ, ಏನಾಯ್ತು?" ಎಂದು ಗಾಬರಿಯಾದ. ಆಮೇಲೆ, ಬಹಳ ಮೆಲ್ಲಗೆ: "ಮತ್ತೇನಾದ್ರೂ ಸೊನ್ನೆ ಆಯ್ತಾ?"